ಉಳಿದ ಐದು

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಬ್ಬ ಹಿರಿಯರು ನೌಕರಿಯ ಅರ್ಜಿ ತುಂಬಿಕೊಡುತ್ತಿದ್ದರು. ಶಾಲೆಯ ಗ್ರೇಡ್ ಪಾಯಿಂಟನ್ನು ಶೇಕಡಾವಾರಿಗೆ ತಿರುಗಿಸಲು ಕ್ಯಾಲ್ಕುಲೇಟರ್ ಮುಟ್ಟುತ್ತಿರಲಿಲ್ಲ. ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು, ಕಣ್ಣು ಮುಚ್ಚಿ, "ಒಂಬತ್ತೂವರಿಲೆ ಗುಣಿಸೂದು, ಬೋರ್ಡಿನ ನಿಯಮ ಅಷ್ಟ ನೋಡ್ರಿ" ಎನ್ನುತ್ತಿದ್ದರು.

ನನ್ನದು ಹತ್ತಕ್ಕೆ ಹತ್ತು. ಅವರು ತೊಂಬತ್ತೈದು ಎಂದು ಬರೆದರು.

"ಉಳಿದ ಐದು ಎಲ್ಲಿ ಹೋದ್ವು ರೀ?" ರೇಗಿ ಕೇಳಿದೆ.

ಅವರು ಅಂಗಿಯ ಜೇಬು ತಟ್ಟಿಕೊಂಡರು. "ಎಲ್ಲಾರವೂ ನನ್ನ ಹತ್ರ ಅದಾವ್ರಿ. ಹೋಗಾ ಮುಂದ ಕೊಟ್ಟು ಹೋಗ್ತೀನಿ."

ಮೊನ್ನೆ ಅವರು ತೀರಿಕೊಂಡರೆಂದು ಕೇಳಿ, ಯಾಕೋ ಪೆಟ್ಟಿಗೆಯಿಂದ ಅಂಕಪಟ್ಟಿ ತೆಗೆದೆ. ಶಾಲೆ ಬಿಟ್ಟ ವಾರವೇ, ಅವರನ್ನು ಕಾಣುವ ಮೊದಲೇ, ಅದನ್ನು ಲ್ಯಾಮಿನೇಶನ್ ಮಾಡಿಸಿದ್ದೆ. ಹತ್ತರ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದ ಐದು, ಅವರದೇ ಅಕ್ಷರ. ಬೆರಳಿನಿಂದ ಉಜ್ಜಿದೆ. ಅದು ಪ್ಲಾಸ್ಟಿಕ್ಕಿನ ಒಳಗಿತ್ತು.