ಎಲ್ಲರನ್ನೂ ಕೂರಿಸಿಕೊಂಡ ಲೆಕ್ಕದ ಮಿಸ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಪ್ರಾಥಮಿಕ ಶಾಲೆಯ ಊಟದ ಕೋಣೆಯಲ್ಲಿ ಲೆಕ್ಕದ ಮಿಸ್ ಬೆಂಚುಗಳನ್ನು ಗೋಡೆಗೆ ತಳ್ಳುತ್ತಿದ್ದಾರೆ. ನಿದ್ದೆಗಣ್ಣಿನ ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ.

"ಎರಡು ಬೆಸ ಸಂಖ್ಯೆ ಕೂಡಿದ್ರೆ ಯಾವಾಗ್ಲೂ ಸಮಸಂಖ್ಯೆನೇ ಬರುತ್ತಲ್ಲ, ಯಾಕೆ?" ಮಿಸ್ ಕೇಳುತ್ತಾರೆ.

ಮಕ್ಕಳು ಎರಡು ಗುಂಪಾಗಿ, ಜೋಡಿ ಜೋಡಿಯಾಗಿ ಕೈ ಹಿಡಿದು ನಿಲ್ಲುತ್ತಾರೆ. ಎರಡು ಗುಂಪಿನಲ್ಲೂ ಒಬ್ಬೊಬ್ಬರು ಒಂಟಿ. "ಮಿಸ್, ಉಳಿದಿರೋ ಅವರಿಬ್ರೂ ಜೋಡಿ ಆಗ್ತಾರಲ್ಲಾ!" ಒಬ್ಬ ಹುಡುಗಿ ಕಿರುಚುತ್ತಾಳೆ.

"ಇನ್ನು ಎಷ್ಟು ದೊಡ್ಡ ಸಂಖ್ಯೆ ಕೊಟ್ರೂ ಇವರು ಹೆದರಲ್ಲ," ಎಂದು ಮಿಸ್, ಕ್ಲಾಸು ನೋಡಲು ಬಂದ ನನ್ನತ್ತ ತಿರುಗುತ್ತಾರೆ.

ಕೆಲವು ವರ್ಷಗಳ ಹಿಂದೆ ಇಂಥ ಮೇಲ್ಮಟ್ಟದ ಗಣಿತ ಬೇಕೆಂದರೆ ಆಯ್ಕೆ ಪರೀಕ್ಷೆ ಬರೆದು ದೂರದ ದೊಡ್ಡ ಶಾಲೆಗೆ ಹೋಗಬೇಕಿತ್ತು. ಟ್ಯೂಷನ್ ಹೇಳಿಸಿಕೊಂಡ ಮಕ್ಕಳೇ ಆಯ್ಕೆಯಾಗುತ್ತಿದ್ದರು. ಒಂದು ಸಂಜೆ, ಈ ಶಾಲೆಯ ನೆಲ ಒರೆಸುವ ಅಕ್ಕ ಬಕೆಟ್ಟು ಬದಿಗಿಟ್ಟು ಮಿಸ್ ಎದುರು ಬಂದು ನಿಂತರು. "ನನ್ನ ಮಗಳು ಲೆಕ್ಕ ಬೇಗ ಮುಗಿಸಿ ಸುಮ್ನೆ ಕೂತಿರ್ತಾಳಂತೆ ಮಿಸ್. ಮುಂದಿನದು ಏನಾದ್ರೂ ಇದ್ರೆ ಹೇಳ್ಕೊಡಿ."

"ಮುಂದಿನದು ನನಗೇ ಬರ್ತಿರಲಿಲ್ಲ!" ಮಿಸ್ ನಗುತ್ತಾರೆ. ಸಂಜೆ ಕಾಲೇಜಿಗೆ ಸೇರಿ, ತಮ್ಮ ಮಗನ ವಯಸ್ಸಿನವರ ಪಕ್ಕ ಕೂತು ಕಲಿತರು. ಮೊದಲ ಪರೀಕ್ಷೆಯಲ್ಲಿ ಫೇಲಾಗಿ ಅತ್ತದ್ದೂ ಉಂಟು. ದರ್ಜಿ ಕೆಲಸದ ಗಂಡನ ದೂರೇ ಬೇರೆ: "ಉಪ್ಪು ಜಾಸ್ತಿ ಆಗಿದೆ ಅಂದ್ರೆ, ಸಾಬೀತು ಮಾಡಿ ಅಂತಾಳೆ ಸಾರ್!"

ಬೆಳಗಿನ ಕ್ಲಾಸು ಶುರುವಾಯಿತು. ಬಂದವರಿಗೆಲ್ಲ ಜಾಗ. ಸುದ್ದಿ ತಿಳಿದು ಮೇಲಧಿಕಾರಿ ಬಂದರು. "ಆಯ್ಕೆ ಆಗದ ಮಕ್ಕಳಿಗೆ ಇದೆಲ್ಲ ಯಾಕೆ? ಮೊದಲು ಮಗ್ಗಿ ಕಲಿಸಿ. ಇದನ್ನ ನಿಲ್ಲಿಸಿ."

"ಒಂದು ಪಾಠ ನೋಡಿ ಸಾರ್. ಆಮೇಲೆ ನೀವು ಹೇಳಿದ ಹಾಗೆ," ಎಂದರು ಮಿಸ್.

ಅಧಿಕಾರಿ ಮಕ್ಕಳ ಬೆಂಚಿನ ಮೇಲೆ ಮುದುರಿ ಕೂತರು. ಮಗ್ಗಿಯಲ್ಲಿ ದಿನವೂ ಎಡವುವ ಪುಟ್ಟ ಹುಡುಗಿಯೊಬ್ಬಳು ಅಂದು ಬೋರ್ಡಿನ ಮುಂದೆ ಆ ನೆಲ ಒರೆಸುವ ಅಕ್ಕನ ಮಗಳ ಜೊತೆ ವಾದಕ್ಕಿಳಿದು, ಅವಳ ತಪ್ಪು ಹಿಡಿದೇಬಿಟ್ಟಳು. ಹೊರಡುವಾಗ ಅಧಿಕಾರಿ ಹೇಳಿದ್ದು ಇಷ್ಟೇ: "ನಾನು ಇವತ್ತು ಬಂದೇ ಇಲ್ಲ ಅಂದ್ಕೊಳ್ಳಿ."

ಈಗ ದಿನಕ್ಕೆ ನಲವತ್ತು ಮಕ್ಕಳು ಬರುತ್ತಾರೆ. ಇನ್ನೆರಡು ಶಾಲೆಗಳ ಶಿಕ್ಷಕರು ಮಿಸ್ ಬಳಿ ಕಲಿತು ತಮ್ಮಲ್ಲೂ ಶುರುಮಾಡಿದ್ದಾರೆ. ಆ ಅಕ್ಕನ ಮಗಳು ಹೈಸ್ಕೂಲಿನಲ್ಲಿ ತನಗಿಂತ ದೊಡ್ಡವರ ಜೊತೆ ಗಣಿತ ಓದುತ್ತಿದ್ದಾಳೆ.

ಇನ್ನೇನು ಆಸೆ ಎಂದು ಕೇಳಿದೆ. ಮಿಸ್ ಕೈಗಂಟಿದ ಸೀಮೆಸುಣ್ಣ ಒರೆಸಿಕೊಂಡರು.

"ಈ ಕ್ಲಾಸೇ ಬೇಡ ಅನ್ನೋ ಹಾಗಾಗ್ಬೇಕು. ಎಲ್ಲಾ ಶಾಲೆಲೂ, ಎಲ್ಲಾ ಮಕ್ಕಳಿಗೂ, ಮಾಮೂಲಿ ಪಾಠದ ಜೊತೇನೇ ಇದೂ ಸಿಗ್ಬೇಕು. ಆಗ ನಾನೂ ಬೆಳಗ್ಗೆ ಸ್ವಲ್ಪ ಹೊತ್ತು ಜಾಸ್ತಿ ಮಲಗ್ತೀನಿ."