ವೈರಿನ ಪೆಡಲಿಗೆ ಅರಿಶಿನ ಕುಂಕುಮ

ನಮ್ಮ ಕಡೆ ಮೆಕ್ಯಾನಿಕ್ಕಿಗೂ ಎಲೆಕ್ಟ್ರಿಷಿಯನ್ನಿಗೂ ಹಾವು ಮುಂಗುಸಿಯ ನಂಟು. ಗಾಡಿ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ಕು ವೈರಿಂಗ್ ಕೆಟ್ಟಿದೆ ಅನ್ನುತ್ತಾನೆ, ಎಲೆಕ್ಟ್ರಿಷಿಯನ್ನು ಇಂಜಿನ್ ಕೆಟ್ಟಿದೆ ಅನ್ನುತ್ತಾನೆ, ಗಾಡಿಯವನು ಇಬ್ಬರಿಗೂ ಟೀ ಕುಡಿಸುತ್ತಾನೆ. ಹುಣಸೂರಿನಲ್ಲಿ ನಾನು ಎಲೆಕ್ಟ್ರಿಷಿಯನ್ನು. ಗೋಡೆಯಾಚೆಯ ಗ್ಯಾರೇಜಿನ ಮೆಕ್ಯಾನಿಕ್ಕು ನನ್ನ ಅಕ್ಕನ ಗಂಡ. ಹೀಗಾಗಿ ನಮ್ಮ ಜಗಳಕ್ಕೆ ರಜೆಯೇ ಇರಲಿಲ್ಲ. ಭಾನುವಾರ ಅಂಗಡಿ ಮುಚ್ಚಿದರೆ ಅಕ್ಕನ ಮನೆಯಲ್ಲಿ ಮುದ್ದೆ ಮುರಿಯುತ್ತಾ ಮುಂದುವರಿಸುತ್ತಿದ್ದೆವು.

ಭಾವನ ಬಂಡವಾಳವೆಲ್ಲ ಕಿವಿಯಲ್ಲಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿದರೆ ಒಳಗಿನ ಕಾಯಿಲೆಯೆಲ್ಲ ಗೊತ್ತಾಗುತ್ತಿತ್ತು. ಆದರೆ ಎರಡು ಸಾವಿರದ ಇಸವಿ ದಾಟಿದ ಮೇಲೆ ಬಂದ ಗಾಡಿಗಳು ಕಿವಿಗೆ ಬಗ್ಗುವವಲ್ಲ. ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳ, ಅದರಡಿ ವೈರಿನ ಗೊಂಚಲು. ಭಾವ ನೋಡುತ್ತಿದ್ದರು, ಬಾನೆಟ್ ಇಳಿಸುತ್ತಿದ್ದರು, 'ಮೈಸೂರಿಗೆ ತಕ್ಕೊಂಡೋಗಿ' ಅನ್ನುತ್ತಿದ್ದರು. ಒಂದು ದಿನ ಅಕ್ಕ ನನ್ನ ಅಂಗಡಿಗೆ ಬಂದು ಬ್ಯಾಟರಿ ಡಬ್ಬದ ಮೇಲೆ ಕೂತಳು.

"ಬೀಚನಹಳ್ಳಿ ಹತ್ರ ಯಾವ್ದೋ ರೆಸಾರ್ಟಲ್ಲಿ ಗೇಟ್ ಕಾಯೋ ಕೆಲ್ಸ ಅದಂತೆ ಕಣೋ. ದಸರಾ ಕಳೀಲಿ, ಗ್ಯಾರೇಜ್ ಬಾಗ್ಲಾಕ್ಬುಡ್ತೀನಿ ಅಂತ ಕೂತವ್ರೆ" ಅಂದಳು.

ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತೈದು ವರ್ಷ ಇಂಜಿನ್ ಬಿಚ್ಚಿದ ಕೈ, ಬರುವ ಕಾರಿಗೆಲ್ಲ ಸಲ್ಯೂಟ್ ಹೊಡೆಯಬೇಕೇ? ಹಾಗಂತ ಅವರಿಗೆ ಹೇಳುವಂತಿರಲಿಲ್ಲ. ಬಾಮೈದ ಬೇಡ ಅಂದ ಅಂತ ಗೊತ್ತಾದರೆ, ಆ ಮನುಷ್ಯ ಹಟಕ್ಕೆ ಮಾರನೆಯ ದಿನವೇ ಯೂನಿಫಾರಂ ಹೊಲಿಸುತ್ತಿದ್ದರು.

ಅದೇ ವಾರ ರಾವಂದೂರಿನ ಯಜಮಾನರೊಬ್ಬರು ತಮ್ಮ ಟ್ರಕ್ಕನ್ನು ಟ್ರಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದರು. ಅವರ ತಂದೆಯ ಕಾಲದ ಗಾಡಿ. ಮುಂದೆ ಉದ್ದನೆಯ ಮೂಗು, ಎರಡು ಗುಂಡು ದೀಪ, ಒಂದು ಟನ್ ಹೊರುವ ತಾಕತ್ತು. ಇಂಜಿನ್ನಿನ ಬ್ಲಾಕೇ ಸೀಳಿಹೋಗಿತ್ತು.

"ಗುಜ್ರಿಗೆ ಹಾಕಿ ಯಜಮಾನ್ರೆ" ಅಂದರು ಭಾವ.

"ಇದ ಗುಜ್ರಿಗೆ ಹಾಕೋಕಿಂತ ಮುಂಚೆ ನನ್ನ ಹಾಕ್ಬುಡಿ. ಬ್ಯಾರೆ ಇಂಜಿನ್ ಕೂರ್ಸಿ" ಅಂದರು ಅವರು.

ಮೈಸೂರಿನ ಗುಜರಿಯಲ್ಲಿ ಹುಡುಕಿದಾಗ, ಪಲ್ಟಿ ಹೊಡೆದಿದ್ದ ಒಂದು ಹೊಸ ಜೀಪಿನ ಡೀಸೆಲ್ ಇಂಜಿನ್ ಸಿಕ್ಕಿತು. ಕಂಪ್ಯೂಟರ್ ಡಬ್ಬಿ, ಪೆಡಲ್ಲು, ಬೀಗದಕೈ ಎಲ್ಲ ಸಮೇತ. ಬೀಗದಕೈ ಇಲ್ಲದೆ ಆ ಡಬ್ಬಿ ಯಾರ ಮಾತನ್ನೂ ಕೇಳುವುದಿಲ್ಲ, ಅಷ್ಟು ಬಿಗುಮಾನ. ಇಂಜಿನ್ ಕೂರಿಸುವುದು ಭಾವನ ಪಾಲು, ವೈರಿಂಗ್ ನನ್ನ ಪಾಲು ಎಂದಾಯಿತು. ಈ ಹೊಸ ಇಂಜಿನ್ನು ಕೈಗೆ ಬಗ್ಗಿದರೆ ಭಾವ ಗೇಟಿನ ಮಾತು ಬಿಟ್ಟಾರು ಎಂಬುದು ನನ್ನ ಒಳಲೆಕ್ಕ. ಹೊಸ ಪಟ್ಟಿ ಬೆಸೆದು, ಗೇರ್‌ಬಾಕ್ಸಿಗೆ ಜೋಡಿಸಿ, ವಾರದೊಳಗೆ ಭಾವ ಇಂಜಿನ್ನನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಕೂರಿಸಿದರು. ಆಮೇಲೆ ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿ ನನ್ನನ್ನು ಕೂಗಿದರು.

"ಲೇ ಬಾಮೈದ, ಎಕ್ಸಲೇಟರ್ ಕೇಬಲ್ ಎಲ್ಲಿಗ್ಲಾ ಕಟ್ಟದು ಇದ್ಕೆ?"

"ಕೇಬಲ್ಲೇ ಇಲ್ಲ ಭಾವ. ವೈರು ಇರದು."

"ವೈರಲ್ಲಿ ಎಳಿಯಕಾಯ್ತದಾ?"

"ಎಳಿಯದಲ್ಲ, ಹೇಳದು. ಪೆಡಲ್ಲು ಡಬ್ಬಿಗೆ ಹೇಳ್ತದೆ, ಡಬ್ಬಿ ಇಂಜಿನ್‌ಗೆ ಹೇಳ್ತದೆ."

"ಓ, ನಿಮ್ಮಕ್ಕ ನಿಮ್ಮವ್ವಂಗೆ ಹೇಳಿ, ನಿಮ್ಮವ್ವ ನಂಗೆ ಹೇಳ್ದಂಗೆ" ಅಂದರು. ನಕ್ಕೆ. ಅದಕ್ಕಿಂತ ಚೆನ್ನಾಗಿ ಯಾವ ಇಂಜಿನಿಯರೂ ವಿವರಿಸಲಾರ.

ಪೆಡಲಿನಿಂದ ಆರು ವೈರು ಹೊರಟಿದ್ದವು. ಒಂದು ಸುದ್ದಿ ಹೇಳಲು ಆರು ಯಾಕೆ ಎಂಬುದು ಭಾವನ ತಕರಾರು. ಪೆಡಲಿನೊಳಗೆ ಇಬ್ಬರು ಸಾಕ್ಷಿಗಳಿದ್ದಾರೆ ಎಂದು ಹೇಳಿಕೊಟ್ಟೆ. ಕಾಲು ಎಷ್ಟು ಒತ್ತಿದೆ ಎಂದು ಇಬ್ಬರೂ ಬೇರೆ ಬೇರೆಯಾಗಿ ಹೇಳಬೇಕು. ಒಬ್ಬ ಒಂದೂವರೆ ವೋಲ್ಟ್ ಅಂದರೆ ಇನ್ನೊಬ್ಬ ಅದರ ಅರ್ಧ, ಮುಕ್ಕಾಲು ಅನ್ನಬೇಕು. ಲೆಕ್ಕ ತಪ್ಪಿದರೆ ಡಬ್ಬಿಗೆ ಅನುಮಾನ ಬರುತ್ತದೆ. ಆಗ ಎಷ್ಟು ಒತ್ತಿದರೂ ಗಾಡಿಯನ್ನು ಮನೆ ಸೇರುವಷ್ಟು ನಿಧಾನಕ್ಕೆ ಮಾತ್ರ ಬಿಡುತ್ತದೆ. ಭಾವ ಆರೂ ವೈರನ್ನು ಒಂದೊಂದಾಗಿ ಬೆರಳಲ್ಲಿ ಎಣಿಸಿ ನೋಡಿದರು.

ತೊಡಕು ಹಾಕಿದವರು ಯಜಮಾನರು. ಪ್ಲಾಸ್ಟಿಕ್ ಪೆಡಲ್ಲು ಕಂಡು, "ಇದೇನ್ರಪ್ಪ ಸೋಪಿನ ಡಬ್ಬಿ! ನಂಗೆ ನಮ್ಮಪ್ಪನ ಪೆಡಲ್ಲೇ ಬೇಕು" ಎಂದು ಕೂತರು. ಹಳೆಯದು ನೆಲದಿಂದ ಎದ್ದ ಕಬ್ಬಿಣದ ಪಾದ. ಕೊನೆಗೆ ಹೊಸ ಪೆಡಲನ್ನು ಪಕ್ಕದಲ್ಲೇ, ನೆಲಕ್ಕೆ ಹತ್ತಿರವಾಗಿ, ಒಂದು ತಗಡಿನ ಮರೆಯಲ್ಲಿ ಕೂರಿಸಿ, ಹಳೆಯದರಿಂದ ಅದಕ್ಕೊಂದು ಸರಳು ಕೊಡುವುದೆಂದಾಯಿತು. ಸರಳು ಭಾವನದು. ಮೊದಲು ಕಾಲಿಟ್ಟರೆ ಸಾಕು ಇಂಜಿನ್ ಹುಲಿಯಾಗುತ್ತಿತ್ತು. ಭಾವ ಸರಳಿನ ತೂತನ್ನು ಒಂದಿಂಚು ಕೆಳಗಿಳಿಸಿದರು, ಮತ್ತೆ ಅರ್ಧ ಇಂಚು ಇಳಿಸಿದರು, ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡು 'ಈಗ ಸರಿಹೋಯ್ತು' ಅಂದರು. ನನ್ನ ಮೀಟರೂ ಅದನ್ನೇ ಅಂದಿತು. ಶಭಾಷ್ ಅನ್ನಬೇಕಿತ್ತು, ಅನ್ನಲಿಲ್ಲ. ನಮ್ಮ ಮನೆತನದಲ್ಲಿ ಹೊಗಳುವ ಅಭ್ಯಾಸವಿಲ್ಲ.

ಗಾಡಿ ರಸ್ತೆಯ ತುದಿಯವರೆಗೆ ಬೆಣ್ಣೆಯಲ್ಲಿ ಕೂದಲೆಳೆದಂತೆ ಓಡಿ ಬಂತು. ಯಜಮಾನರು ಕುಣಿದಾಡಿದರು, ಪೂಜೆ ಮುಗಿಸಿಯೇ ಒಯ್ಯುತ್ತೇನೆಂದು ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟರು. ಭಾವ ಕೈ ಒರೆಸಿಕೊಳ್ಳುತ್ತಾ, "ಚೆನ್ನಾಗದೆ. ಆದ್ರೆ ಇದು ನಿನ್ ಕೆಲ್ಸ ಕಣ್ಲಾ, ನಂದಲ್ಲ" ಅಂದರು. ಆ ಮಾತು ನನ್ನನ್ನು ಚುಚ್ಚಿತು. ಅವರಿಗಾಗಿ ಅಂತ ಒದ್ದಾಡಿದ್ದೇ ಅವರನ್ನು ಗೇಟಿನ ಕಡೆ ತಳ್ಳಿತಲ್ಲ ಅನ್ನಿಸಿತು.

ಮಾರನೆಯ ದಿನ ಆಯುಧಪೂಜೆ. ನಮ್ಮ ಅಂಗಡಿ ಸಾಲಿನಲ್ಲಿ ಒಂದು ಪದ್ಧತಿಯಿದೆ. ಆ ವರ್ಷ ಯಾವ ವಸ್ತು ಹೆಚ್ಚು ಸತಾಯಿಸಿ ಅನ್ನ ಕೊಟ್ಟಿತೋ ಅದಕ್ಕೆ ಮೊದಲ ಪೂಜೆ. ನನಗೆ ಅದು ಆ ಪೆಡಲ್ಲು. ತಗಡಿನ ಮರೆ ಬಿಚ್ಚಿದೆ. ಹೊರಗೆ ಬೊಟ್ಟಿಟ್ಟರೆ ತೃಪ್ತಿಯಾಗಲಿಲ್ಲ, ಆರು ವೈರು ಸೇರುವ ಗೂಡನ್ನೂ ಬಿಚ್ಚಿ ಅದರ ಬಾಯಿಗೂ ಅರಿಶಿನ ಕುಂಕುಮವಿಟ್ಟೆ. ಮೇಲೆ ಭಕ್ತಿಯಿಂದ ತೀರ್ಥ ಪ್ರೋಕ್ಷಿಸಿದೆ. ಗಿರಾಕಿಗಳಿಗೆ 'ವೈರಿಗೆ ನೀರು ತಾಗಿಸಬೇಡಿ' ಎಂದು ವರ್ಷವಿಡೀ ಬೊಬ್ಬೆ ಹೊಡೆಯುವವನು ನಾನೇ!

ಎರಡು ದಿನ ಬಿಟ್ಟು ಯಜಮಾನರು ಬೀಚನಹಳ್ಳಿ ಪಕ್ಕದ ಮಗಳ ತೋಟಕ್ಕೆ ತೆಂಗಿನ ಸಸಿ ತುಂಬಿಕೊಂಡು ಹೊರಟರು. ಭಾವ ಅದೇ ಗಾಡಿಯಲ್ಲಿ ಹೋದರು. ರೆಸಾರ್ಟಿನ ಗೇಟಲ್ಲಿ ಇಳಿದು ಮಾತಾಡಿಕೊಂಡು ಬರುತ್ತಾರೆ ಎಂದು ಅಕ್ಕ ಕಣ್ಣೊರೆಸಿಕೊಂಡಳು. ನಾನು ಆ ದಿನ ಬಂದ ಗಿರಾಕಿಗಳ ಮೇಲೆಲ್ಲ ರೇಗಿದೆ.

ಮಧ್ಯಾಹ್ನ ಯಜಮಾನರ ಫೋನು ಬಂತು. "ಕೋಟೆ ದಾಟಿದ್ಮೇಲೆ ಗಾಡಿ ನಡೀತಾ ಅದೆ ಕಣಪ್ಪ, ಓಡ್ತಾ ಇಲ್ಲ. ಸೈಕ್ಲಿನವ್ನು ಮುಂದ್ಕೋದ!"

ಬೈಕ್ ಹತ್ತಿ ಎಚ್.ಡಿ. ಕೋಟೆಯ ದಾರಿ ಹಿಡಿದೆ. ದಾರಿಯುದ್ದಕ್ಕೂ ನನ್ನ ವೈರಿಂಗನ್ನು ನೆನೆದು ನೆನೆದು ಬೆವರಿದೆ. ಏರಿನ ಬುಡದಲ್ಲಿ ಗಾಡಿ ನಿಂತಿತ್ತು. ಯಜಮಾನರು ಸಸಿಗಳಿಗೆ ನೀರು ಚಿಮುಕಿಸುತ್ತಿದ್ದರು. ಬಾಗಿಲಿನಿಂದ ಭಾವನ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಬಗ್ಗಿ ನೋಡಿದರೆ ಅವರ ಕೈಯಲ್ಲಿ ಮೀಟರು! ಹದಿನೈದು ದಿನದಿಂದ ಕಳೆದುಹೋಯಿತೆಂದು ನಾನು ಹುಡುಕುತ್ತಿದ್ದ ನನ್ನ ಹಳೆಯ ಮೀಟರು.

"ಒಬ್ಬ ಒಂದೂವರೆ ಅಂತವ್ನೆ. ಇನ್ನೊಬ್ಬ ಒಂದ್ಸಲ ಮುಕ್ಕಾಲು, ಒಂದ್ಸಲ ಕಾಲು ಅಂತ ತೊದ್ಲುತವ್ನೆ. ಸಾಕ್ಷಿ ಕುಡ್ದವ್ನೆ ಕಣ್ಲಾ" ಅಂದರು ಒಳಗಿನಿಂದ.

ಗೂಡು ಎಳೆದು ತೆಗೆದು ನನ್ನ ಮೂಗಿನ ಮುಂದೆ ಹಿಡಿದರು. ಒಳಗೆಲ್ಲ ಹಳದಿ ಕೆಸರು. ಅರಿಶಿನದ ವಾಸನೆ ಘಂ ಎಂದಿತು.

"ಯಾವನ್ಲಾ ಈ ಪೂಜಾರಿ?"

"ನಾನೇ ಭಾವ."

ಅವರು ಹೊರಗೆ ಬಂದು ರಸ್ತೆಬದಿಯ ಕಲ್ಲಿನ ಮೇಲೆ ಕೂತು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕಿದ್ದು ನೋಡಿ ಎರಡು ವರ್ಷವಾಗಿತ್ತು. ಆಮೇಲೆ ನನ್ನ ಬೈಕಿನಿಂದ ಪೆಟ್ರೋಲ್ ಹಿಡಿದು, ಬ್ರಷ್ಷಿನಿಂದ ಗೂಡನ್ನು ತೊಳೆದು, ಬಿಸಿಲಿಗೊಣಗಿಸಿ, ತಾವೇ ಕೂರಿಸಿದರು. ನಾನು ಕೈ ಚಾಚಿದರೆ ಮುಟ್ಟಲು ಬಿಡಲಿಲ್ಲ. ಬೀಗದಕೈ ತಿರುಗಿಸಿ ಎರಡೂ ಸಾಕ್ಷಿಗಳನ್ನು ಮೀಟರಿನಲ್ಲಿ ವಿಚಾರಿಸಿದರು. ಒಂದು ಒಂದೂವರೆ, ಇನ್ನೊಂದು ಮುಕ್ಕಾಲು. ಗಾಡಿ ಅಷ್ಟೂ ಸಸಿ ಹೊತ್ತು ಏರನ್ನು ಒಂದೇ ಉಸಿರಿಗೆ ಹತ್ತಿತು.

ನಾನು ಬೈಕಿನಲ್ಲಿ ಹಿಂದೆಯೇ ಹೋದೆ. ರೆಸಾರ್ಟಿನ ಗೇಟು ಬಂತು. ಗಾಡಿ ನಿಧಾನವಾಯಿತು, ನಿಂತಿತು. ಭಾವ ಇಳಿದರು. ಕುತ್ತಿಗೆಯಲ್ಲಿ ಮೀಟರಿನ ಎರಡು ವೈರು ಜೋತಾಡುತ್ತಿದ್ದವು. ಗೇಟಿನ ಸೂಪರ್‌ವೈಸರು ಹೊರಗೆ ಬಂದು, "ಹುಣಸೂರಿನವರು ತಾನೇ? ಯಾವತ್ತಿಂದ ಬರ್ತೀರಿ?" ಎಂದು ಕೇಳಿದ.

"ಬರಕಾಗಲ್ಲ ಅಂತ ಯೋಳಕೆ ಇಳ್ದೆ ಸ್ವಾಮಿ" ಅಂದರು ಭಾವ. "ನಂಗೆ ಕೆಲ್ಸ ಅದೆ."

ನಾನು ಬೈಕಿನ ಮೇಲೆ ಕೂತಲ್ಲೇ ಅತ್ತುಬಿಟ್ಟೆ. ಹಿಂದಿನ ದಿನ ಮಳೆ ಬಿದ್ದಿತ್ತು. ಕಣ್ಣಿಗೆ ಧೂಳು ಬಿತ್ತು ಅನ್ನೋಣವೆಂದರೆ ಆ ರಸ್ತೆಯಲ್ಲಿ ಧೂಳೂ ಇರಲಿಲ್ಲ.