ಗೋಡೆಯ ಮೇಲಿನ ಹತ್ತೊಂಬತ್ತನೆಯ ಸಾಲು

ಆ ಕಾಲೇಜಿನ ನಾಟಕ ವಿಭಾಗ ಎಂಬ ಮಹಾಸಾಮ್ರಾಜ್ಯದ ಒಟ್ಟು ವಿಸ್ತೀರ್ಣ ಒಂದೂವರೆ ಕೋಣೆ. ಹಿಂದೆ ರಸಾಯನಶಾಸ್ತ್ರದ ಪ್ರಯೋಗಾಲಯವಾಗಿದ್ದದ್ದು ಒಂದು, ಅದರ ಉಗ್ರಾಣವಾಗಿದ್ದದ್ದು ಅರ್ಧ. ಆ ಅರ್ಧದಲ್ಲಿ ಆಸಿಡ್ ತಿಂದು ಗುಳಿಬಿದ್ದ ಕಲ್ಲುಮೇಜಿನ ಮೇಲೆ ಒಂದು ಹೊಲಿಗೆ ಮಷೀನು, ನೀರು ಬಾರದ ಸಿಂಕಿನ ತುಂಬ ಅಂಗಿ ಗುಂಡಿಗಳು, ಗ್ಯಾಸಿನ ಹಳೇ ನಲ್ಲಿಗಳಿಗೆ ನೇತುಹಾಕಿದ ಕಿರೀಟಗಳು. ಇವುಗಳ ನಡುವೆ ಮೂವತ್ಮೂರು ವರ್ಷದಿಂದ ಟೈಲರಮ್ಮನ ದರ್ಬಾರು. ಎಷ್ಟೋ ಚಕ್ರವರ್ತಿಗಳನ್ನು ಅವಳು ಪಟ್ಟಕ್ಕೇರಿಸಿದ್ದಾಳೆ. ಅಷ್ಟೇ ಚಕ್ರವರ್ತಿಗಳ ಪೈಜಾಮದ ಲಾಡಿಯನ್ನೂ ಬಿಗಿದು ಕಟ್ಟಿದ್ದಾಳೆ.

ಬಟ್ಟೆ ಹೊಲಿಯುವುದು ಸಂಬಳದ ಕೆಲಸ. ಅದರ ಜೊತೆಗೆ ಬಿಟ್ಟಿ ಕೆಲಸವೊಂದಿತ್ತು: ಪಕ್ಕದ ಪರದೆಯ ಮರೆಯಲ್ಲಿ ನಿಂತು ಮಾತು ಮರೆತವರಿಗೆ ಮೆಲ್ಲಗೆ ಹೇಳಿಕೊಡುವುದು. ತಾಲೀಮಿನುದ್ದಕ್ಕೂ ಅವಳು ಅಲ್ಲೇ ಕೂತು ಕಾಜಾ ಹೊಲಿಯುತ್ತಿದ್ದುದರಿಂದ ಪ್ರತಿ ನಾಟಕವೂ ಆಡುವವರಿಗಿಂತ ಮೊದಲೇ ಅವಳಿಗೆ ಬಾಯಿಪಾಠವಾಗುತ್ತಿತ್ತು. ಹುಡುಗರು ಬಂದರು, ಮೀಸೆ ಅಂಟಿಸಿಕೊಂಡರು, ಮೀಸೆ ಕಿತ್ತುಕೊಂಡು ಹೊರಟುಹೋದರು. ಇವಳು ಮಾತ್ರ ಇದ್ದಲ್ಲೇ ಇದ್ದಳು, ಸೂಜಿಗೆ ದಾರ ಪೋಣಿಸುತ್ತ.

ಬರುವ ವರ್ಷ ನಿವೃತ್ತಿ ಎನ್ನುವಾಗ ವಿಭಾಗಕ್ಕೆ ಐವತ್ತು ತುಂಬಿತು. ಹೊಸ ಮುಖ್ಯಸ್ಥ, ಇನ್ನೂ ತಲೆಗೂದಲು ಉದುರದ ಉತ್ಸಾಹಿ, ನಾಟಕವಾಡುವ ಹಾಲಿನ ಒಂದು ಗೋಡೆಗೆ ಬಿಳಿ ಬಣ್ಣ ಬಳಿಸಿ, ಹಿಂದಿನ ಅರವತ್ತೊಂದು ನಾಟಕಗಳ ಹೆಸರನ್ನೂ ಮುಖ್ಯ ಪಾತ್ರಧಾರಿಗಳ ಹೆಸರನ್ನೂ ಬರೆಸಲು ನಿಶ್ಚಯಿಸಿದ. ಆ ಪಟ್ಟಿಯ ಕರಡು ಹಿಡಿದು ಟೈಲರಮ್ಮನ ಬಳಿಗೇ ಬಂದ.

“ಅಮ್ಮ, ತಪ್ಪಿದ್ರೆ ತಿದ್ದಿ. ನಿಮಗಿಂತ ಬೇಕಾ?”

ಅವಳು ಕನ್ನಡಕ ಏರಿಸಿ ಹತ್ತೊಂಬತ್ತನೆಯ ಸಾಲಿಗೆ ನೇರ ಹೋದಳು. ‘ಉಪ್ಪಿನ ಕೋಟೆ.’ ರಾಣಿಯ ಪಾತ್ರ: ಈಗ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷೆಯಾಗಿರುವ ಮಹಾತಾಯಿ.

“ಇದು ತಪ್ಪು” ಎಂದಳು ಟೈಲರಮ್ಮ. “ರಾಣಿ ನಾನು.”

ಮುಖ್ಯಸ್ಥ ನಕ್ಕ. ಅವಳು ನಗಲಿಲ್ಲ. ಅವನೂ ನಿಲ್ಲಿಸಿದ.

ನಡೆದದ್ದು ಇಷ್ಟೇ. ವಿಭಾಗ ಕಟ್ಟಿದ ಹಳೇ ಮೇಷ್ಟ್ರಿಗೆ ಒಂದು ಪದ್ಧತಿಯಿತ್ತು. ಪ್ರಯೋಗಕ್ಕೆ ಹದಿನೈದು ದಿನ ಮೊದಲೇ ಪಾತ್ರಧಾರಿಗಳ ಹೆಸರು ಹಾಕಿ ಕರಪತ್ರ ಅಚ್ಚು ಹಾಕಿಸಿ ಊರೆಲ್ಲ ಹಂಚಿಬಿಡುತ್ತಿದ್ದರು. “ಹೆಸರು ಅಚ್ಚಾದ ಮೇಲೆ ಓಡಿಹೋಗೋಕೆ ನಾಚಿಕೆ ಆಗುತ್ತೆ” ಎಂಬುದು ಅವರ ತರ್ಕ. ಫೋಟೋದವನು ಪುರುಸೊತ್ತಾದ ದಿನ ಬರುವ ಆಸಾಮಿ; ಉಡುಪು ತೊಡಿಸಿ ನೋಡುವ ದಿನವೇ ಚಿತ್ರ ತೆಗೆದು ಮುಗಿಸುತ್ತಿದ್ದ. ಆ ವರ್ಷ ರಾಣಿಯ ಹೆಸರೂ ಅಚ್ಚಾಯಿತು, ಚಿತ್ರವೂ ಆಯಿತು. ಪ್ರಯೋಗದ ಹಿಂದಿನ ದಿನ ರಾಣಿಗೆ ಮಂಗನಬಾವು ಬಂತು. ಎರಡೂ ಕೆನ್ನೆ ಕುಂಬಳಕಾಯಿಯಾಗಿ, ಬಾಯಿ ತೆರೆದರೆ ‘ಊಂ’ ಎಂಬ ಒಂದೇ ಅಕ್ಷರ ಹೊರಡುತ್ತಿತ್ತು. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಸುತ್ತ ನೋಡಿದರು. ಆ ಮಾತುಗಳಷ್ಟೂ ಬರುತ್ತಿದ್ದ ಏಕೈಕ ಪ್ರಾಣಿ ಮೂಲೆಯಲ್ಲಿ ಸೆರಗಿಗೆ ಜರಿ ಕೂಡಿಸುತ್ತಿತ್ತು.

ಹಾಗೆ ಇಪ್ಪತ್ತೆಂಟರ ಟೈಲರಮ್ಮ ಒಂದು ಸಂಜೆ ಎರಡು ಗಂಟೆ ಕಾಲ ಕೋಟೆಯನ್ನಾಳಿದಳು. ಜನ ಎದ್ದುಹೋಗುತ್ತಾರೆಂದು ಮೇಷ್ಟ್ರು ಬದಲಾವಣೆ ಸಾರಲೇ ಇಲ್ಲ. ಮುಖಕ್ಕೆ ಬಳಿದ ಬಣ್ಣದ ಹಿಂದೆ ಯಾರಿದ್ದಾರೆಂದು ಯಾರೂ ಕೇಳಲೂ ಇಲ್ಲ. ಕೊನೆಯ ದೃಶ್ಯದಲ್ಲಿ ಸಭೆ ಉಸಿರು ಬಿಗಿಹಿಡಿದದ್ದು ಅವಳಿಗೆ ಕೇಳಿಸಿತ್ತು. ಉಸಿರು ಬಿಗಿಹಿಡಿದರೆ ಸದ್ದಾಗುವುದಿಲ್ಲ ಎನ್ನುವವರು ರಂಗದ ಮೇಲೆ ನಿಂತವರಲ್ಲ.

“ದಾಖಲೆ ಏನಾದ್ರೂ ಇದೆಯಾ ಅಮ್ಮ?” ಎಂದು ಮುಖ್ಯಸ್ಥ ಕೇಳಿದ.

ಅವಳು ಎದ್ದುನಿಂತು, ಅಳತೆಯ ಟೇಪು ಕೊರಳಲ್ಲಿದ್ದ ಹಾಗೆಯೇ, ರಾಣಿಯ ಕೊನೆಯ ಮಾತನ್ನು ಮೊದಲಿಂದ ತುದಿಯವರೆಗೆ ಒಪ್ಪಿಸಿದಳು. ಮುಖ್ಯಸ್ಥ ಬೆರಗಾದ. ಆಮೇಲೆ ಬಹಳ ಮೃದುವಾಗಿ ಹೇಳಿದ, “ನೀವು ಬಂದ ಮೇಲಿನ ಎಲ್ಲ ನಾಟಕಾನೂ ನಿಮಗೆ ಹೀಗೇ ಬರುತ್ತಲ್ಲಮ್ಮ. ಹಾಗಂತ ಎಲ್ಲ ಪಾತ್ರಾನೂ ನೀವೇ ಆಡಿದ್ದು ಅಂತ ಬರೆಸೋಕಾಗುತ್ತಾ?”

“ನಾನು ಕೇಳ್ತಿರೋದು ಒಂದೇ.”

“ಕರಪತ್ರದಲ್ಲಿ ಅವರ ಹೆಸರಿದೆ. ಫೋಟೋದಲ್ಲಿ ಅವರೇ ಇದ್ದಾರೆ. ಅಲ್ದೆ ಗೋಡೆ ಉದ್ಘಾಟನೆಗೆ ಅವರೇ ಬರ್ತಿರೋದು. ಒಂದ್ ಕೆಲಸ ಮಾಡೋಣ. ಕೆಳಗಡೆ ‘ಉಡುಪು: ಟೈಲರಮ್ಮ ಮತ್ತು ಬಳಗ’ ಅಂತ ಹಾಕಿಸ್ತೀನಿ.”

“ಬಳಗ ಅಂದ್ರೆ ಯಾರಪ್ಪಾ?”

“ಹಾಗೆ ಹಾಕೋದು ವಾಡಿಕೆ.”

“ಸರಿ, ಹಾಕಿಸು. ಮಷೀನಿಗೂ ಖುಷಿಯಾಗ್ಲಿ.”

ಸಾಕ್ಷಿ ನುಡಿಯಬೇಕಾದ ಮೇಷ್ಟ್ರು ಏಳು ವರ್ಷದ ಹಿಂದೆಯೇ ಜಗದ ರಂಗದಿಂದ ನಿರ್ಗಮಿಸಿದ್ದರು. ಅಂದು ಸೇನಾಪತಿಯಾಗಿದ್ದವನ ನಂಬರು ಹುಡುಕಿ ಟೈಲರಮ್ಮ ಫೋನು ಮಾಡಿದಳು. “ಉಪ್ಪಿನ ಕೋಟೆನಾ! ಮರೆಯೋಕಾಗುತ್ತಾ? ಎರಡನೇ ಅಂಕದಲ್ಲಿ ನನ್ನ ಕತ್ತಿ ಮುರೀತು, ನಾನು ಬರೀ ಹಿಡಿಕೆಯಲ್ಲೇ ಯುದ್ಧ ಗೆದ್ದೆ!” ಎಂದು ಅರ್ಧ ಗಂಟೆ ಹಿಡಿಕೆಯ ಮಹಿಮೆ ಕೊಚ್ಚಿದ. ರಾಣಿ ಯಾರು ಎಂದರೆ, “ಯಾರೋ ಒಬ್ಬಳು ಇದ್ದಳು” ಎಂದ. ನಟರ ನೆನಪು ಟಾರ್ಚಿನ ಬೆಳಕಿನಂತೆ. ಹಿಡಿದುಕೊಂಡವರು ಅದನ್ನು ಸದಾ ತಮ್ಮ ಮುಖಕ್ಕೇ ಬಿಟ್ಟುಕೊಳ್ಳುತ್ತಾರೆ.

ಮನೆಯಲ್ಲಿ ಗಂಡ, ನಿವೃತ್ತ ಬಸ್ ಕಂಡಕ್ಟರು, ಎಲ್ಲ ಕೇಳಿ ಹೇಳಿದ, “ಬಿಡೇ ಅತ್ಲಾಗೆ. ಗೋಡೆ ಮೇಲಿನ ಹೆಸರಿಂದ ಅನ್ನ ಬೇಯುತ್ತಾ?”

“ನೀವು ಆವತ್ತು ಬಂದಿದ್ರೆ ನೀವೇ ಸಾಕ್ಷಿ ಆಗ್ತಿದ್ರಿ.”

“ನನ್ನ ಡ್ಯೂಟಿ ಇತ್ತಲ್ಲೇ!”

“ಇತ್ತು. ನಿಮಗೆ ಯಾವಾಗ್ಲೂ ಇತ್ತು.”

ಕಂಡಕ್ಟರು ಪತ್ರಿಕೆಯ ಹಿಂದೆ ಅಡಗಿದ.

ಅಧ್ಯಕ್ಷೆಗೆ ಒಂದು ಆಸೆ ಹುಟ್ಟಿತು: ಉದ್ಘಾಟನೆಯ ದಿನ ರಾಣಿಯ ಅದೇ ನಿಲುವಂಗಿ ತೊಟ್ಟು ಕೊನೆಯ ಮಾತನ್ನು ಸಭೆಗೆ ಹೇಳಬೇಕು. ಅಂಗಿ ಸಡಿಲಿಸುವ ಕೆಲಸ ಯಾರಿಗೆ ಬಂತೆಂದು ಹೇಳಬೇಕಾಗಿಲ್ಲ. ಆಕೆ ಕಲ್ಲುಮೇಜಿನ ಮುಂದೆ ಕೈಚಾಚಿ ನಿಂತಾಗ ಟೈಲರಮ್ಮ ಸೊಂಟದ ಮಡಿಕೆ ಬಿಚ್ಚಿದಳು. ಒಳಗೆ ಅವಸರದ ಉದ್ದುದ್ದ ಹೊಲಿಗೆ, ಅವಳದೇ ಕೈಯದು. ರಾಣಿಯ ಅಂಗಿಯನ್ನು ತನ್ನ ಬಡಕಲು ಮೈಗೆ ಹೊಂದಿಸಿಕೊಳ್ಳಲು ಅಂದು ಮಧ್ಯಾಹ್ನ ನಾಲ್ಕು ಬೆರಳು ಒಳಗೆ ಹಿಡಿದಿದ್ದಳು.

“ಮೇಡಂ, ಇಲ್ನೋಡಿ. ನಿಮ್ಮ ಅಳತೆಗೆ ಹೊಲಿದಿದ್ದು ಇದು. ಆಮೇಲೆ ನಾಲ್ಕು ಬೆರಳು ಒಳಗೆ ಹಿಡಿದಿದ್ದು ಇದು. ಯಾರಿಗೋಸ್ಕರ, ನೆನಪಿದೆಯಾ?”

ಅಧ್ಯಕ್ಷೆ ಬಗ್ಗಿ ನೋಡಿದರು. ಕಣ್ಣು ಮಂಜಾಯಿತು. “ಅಯ್ಯೋ, ಎಷ್ಟು ಸಣ್ಣಗಾಗಿಬಿಟ್ಟಿದ್ದೆ ನಾನು! ಆ ಜ್ವರ ಹಾಗಿತ್ತಲ್ವಾ? ಜ್ವರದಲ್ಲೇ ಬಂದು ಆಡಿದೆ. ಬೇಡ ಅಂದ್ರೂ ಮೇಷ್ಟ್ರು ಬಿಡ್ಲಿಲ್ಲ.”

“ನೀವು ಬಂದಿರ್ಲಿಲ್ಲ ಮೇಡಂ. ನಿಮಗೆ ಮಂಗನಬಾವು. ಮನೇಲಿದ್ರಿ.”

ಅಧ್ಯಕ್ಷೆ ಅವಳನ್ನು ಕರುಣೆಯಿಂದ ನೋಡಿದರು. ಅದರಲ್ಲಿ ಕಳ್ಳತನದ ಸುಳಿವೂ ಇರಲಿಲ್ಲ. ಇದ್ದಿದ್ದರೆ ಟೈಲರಮ್ಮನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಆ ಕಥೆಯನ್ನು ಹೇಳಿ ಹೇಳಿ ಆಕೆ ಪ್ರಾಮಾಣಿಕವಾಗಿಯೇ ರಾಣಿಯಾಗಿಬಿಟ್ಟಿದ್ದರು.

“ನಿಮಗೂ ವಯಸ್ಸಾಯ್ತು ಟೈಲರಮ್ಮ. ಅಷ್ಟೊಂದು ನಾಟಕ, ಕಲಸಿಹೋಗುತ್ತೆ. ಪರವಾಗಿಲ್ಲ. ಆವತ್ತು ಪಕ್ಕದಲ್ಲಿ ನಿಂತಿರಿ, ಆಯ್ತಾ? ನಾನೇನಾದ್ರೂ ಮರೆತ್ರೆ ಹೇಳಿಕೊಡಿ.”

ಟೈಲರಮ್ಮ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. “ಆಗ್ಲಿ ಮೇಡಂ” ಎಂದಳು. ಅಂದಿನಿಂದ ಉದ್ಘಾಟನೆಯವರೆಗೆ ಅವಳು ಎಷ್ಟು ಹುರುಪಾಗಿದ್ದಳೆಂದರೆ ಕಂಡಕ್ಟರಿಗೆ ಗಾಬರಿಯಾಯಿತು. “ಹೇಳಿಕೊಡೋದು ನನ್ನ ಕೈಲಿದೆ ರೀ. ಬಾಯಿ ತೆಗೆಯೋದೇ ಇಲ್ಲ. ತುಂಬಿದ ಸಭೇಲಿ ಗೊತ್ತಾಗ್ಲಿ, ಆಡಿದವರಿಗೆ ಮರೆಯುತ್ತಾ ಅಂತ. ನೀವು ಮುಂದಿನ ಸಾಲಲ್ಲೇ ಕೂತ್ಕೊಂಡು ನೋಡಿ” ಎಂದಳು. ಕಂಡಕ್ಟರು ಜೀವಮಾನದಲ್ಲಿ ಮೊದಲ ಸಲ ನಾಟಕದ ಹಾಲಿಗೆ ಹೋಗಲು ಒಪ್ಪಿ, ಅಂಗಿಗೆ ಇಸ್ತ್ರಿ ಹಾಕಿಸಿಕೊಂಡ.

ಆ ದಿನ ಹನ್ನೊಂದು ಗಂಟೆಗೆ ಸಭೆ ತುಂಬಿತು. ಮುಖ್ಯಸ್ಥ ಗೋಡೆಯ ಪರದೆ ಎಳೆಸಿದ, ಅರವತ್ತೊಂದು ಸಾಲುಗಳು ಹೊಳೆದವು. ಅಧ್ಯಕ್ಷೆ ನಿಲುವಂಗಿಯಲ್ಲಿ ವೇದಿಕೆಯ ನಡುವಿನ ಕುರ್ಚಿಯ ಮೇಲೆ ಕೂತರು. ಟೈಲರಮ್ಮ ಪರದೆಯ ಮರೆಯಲ್ಲಿ, ಆಕೆಗೆ ಮೂರು ಮೊಳ ದೂರದಲ್ಲಿ, ತುಟಿಗೆ ಬೀಗ ಜಡಿದು ನಿಂತಳು.

“ಬಾಗಿಲು ತೆರೆಯಿರಿ” ಎಂದರು ಅಧ್ಯಕ್ಷೆ. “ಬರುವವರು ಬರಲಿ.”

ಮುಂದಿನದು ‘ನಾನು ಎದ್ದು ನಿಲ್ಲುವುದಿಲ್ಲ.’ ಅದು ಬರಲಿಲ್ಲ.

ಅಧ್ಯಕ್ಷೆಯ ಕಣ್ಣು ಪಕ್ಕಕ್ಕೆ ಹೊರಳಿತು. ಟೈಲರಮ್ಮ ಆ ಕಣ್ಣನ್ನು ನೋಡಿದಳು. ಮೂವತ್ಮೂರು ವರ್ಷ ಇಂಥ ಕಣ್ಣು ಕಂಡೊಡನೆ ತಾನಾಗಿ ತೆರೆದ ಬಾಯಿ ಅದು. ಅದನ್ನು ಮುಚ್ಚಿಡಲು ಅವಳು ಸೆರಗಿನ ತುದಿ ಕಚ್ಚಬೇಕಾಯಿತು. ಒಂದು ಕ್ಷಣ. ಎರಡು. ಐದು. ಸಭೆಯಲ್ಲಿ ಯಾರೋ ಕೆಮ್ಮಿದರು. ಅಧ್ಯಕ್ಷೆಯ ಗದ್ದ ನಡುಗಿತು, ತುಟಿ ಅಲ್ಲಾಡಿತು, ಗಾಬರಿಯಿಂದ ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿಯಿತು. ಕೊನೆಗೆ ಏನು ಮಾಡುವುದೆಂದು ತಿಳಿಯದೆ ಆಕೆ ಎದ್ದುನಿಂತು ಕೈಮುಗಿದುಬಿಟ್ಟರು.

ಮುಂದಿನ ಸಾಲು ಎದ್ದಿತು. ಅದರ ಹಿಂದೆ ಎರಡನೆಯದು. ಇಡೀ ಸಭೆ ಎದ್ದುನಿಂತು ಚಪ್ಪಾಳೆ ಹೊಡೆಯತೊಡಗಿತು. ಮುಖ್ಯಸ್ಥ ಕಣ್ಣೊರೆಸಿಕೊಳ್ಳುತ್ತ ಮೈಕಿನಲ್ಲಿ ಹೇಳಿದ, “ಮಾತೇ ಇಲ್ಲದ ಇಂಥ ಅಭಿನಯ ನಾನು ನೋಡಿರಲಿಲ್ಲ.”

“ನಾನು ಎದ್ದು ನಿಲ್ಲುವುದಿಲ್ಲ!” ಎಂದಳು ಟೈಲರಮ್ಮ, ಈ ಸಲ ಗಂಟಲೆತ್ತಿ. ಆ ಸದ್ದಿನಲ್ಲಿ ಅದು ಅವಳಿಗೇ ಕೇಳಿಸಲಿಲ್ಲ. ಪರದೆಯ ಸಂದಿಯಿಂದ ಮುಂದಿನ ಸಾಲು ನೋಡಿದಳು. ಇಸ್ತ್ರಿ ಅಂಗಿಯ ಕಂಡಕ್ಟರು ನಿಂತು, ಬಸ್ಸಿನ ತಗಡು ಬಡಿದು ಬಡಿದು ಪಳಗಿದ ಅಗಲ ಅಂಗೈಗಳಿಂದ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ.

ಇಬ್ಬರೂ ಮನೆಯ ದಾರಿ ಹಿಡಿದರು. ಮೂರನೆಯ ಬೀದಿಯಲ್ಲಿ ಅವಳು ಕೇಳಿದಳು, “ನೀವೂ ತಟ್ಟಿದ್ರಲ್ಲ?”

“ಎಲ್ರೂ ತಟ್ತಾ ಇದ್ರು ಕಣೆ. ನಾನೊಬ್ಬ ಕೈಕಟ್ಟಿ ಕೂತ್ರೆ ಏನಂದ್ಕೊಳ್ತಾರೆ?”

“ಅವರು ಮಾತು ಮರೆತಿದ್ದು ರೀ.”

ಸುಳ್ಳು ಹೇಳುವ ಅಭ್ಯಾಸ ಕಂಡಕ್ಟರಿಗಿರಲಿಲ್ಲ, ಅದೇ ಕಷ್ಟ.

“ಇರಬಹುದು” ಎಂದ. “ಆದ್ರೂ ನನಗೆ ಅಳು ಬಂತು.”